ಎಂಎಸ್ ಔಷಧಕ್ಕೆ ವಿಮೆ ನಿರಾಕರಣೆ: ಮುಂದೇನು ಮಾಡಬೇಕು?

ಪ್ರಶ್ನೆ
ನನ್ನ ತಂಗಿಗೆ ಮೆದುಳು, ಬೆನ್ನುಹುರಿಯ ನರಗಳಿಗೆ ಹಾನಿ ಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ. ಎರಡು ವರ್ಷಗಳಿಂದ ಫಿಂಗೋಲಿಮಾಡ್ ಸೇವಿಸುತ್ತಿದ್ದರೂ ಈಚಿನ ಎಂಆರ್‌ಐಯಲ್ಲಿ ಮೂರು ಹೊಸ ಕಲೆಗಳು ಕಂಡದ್ದರಿಂದ ನರರೋಗ ತಜ್ಞರು ಆಕ್ರೆಲಿಜುಮಾಬ್‌ಗೆ ಬದಲಾಯಿಸಲು ಹೇಳಿದ್ದಾರೆ. ವಿಮಾ ಕಂಪನಿಯು ‘ವೈದ್ಯಕೀಯ ಅಗತ್ಯ ಸಾಬೀತಾಗಿಲ್ಲ’ ಎಂಬ ಒಂದೇ ಸಾಲಿನ ಪತ್ರ ಕಳುಹಿಸಿ, ಹಳೆಯ ಔಷಧದ ಮುಂದಿನ ತಿಂಗಳ ಅನುಮತಿಯನ್ನೂ ತಡೆಹಿಡಿದಿದೆ. ಮನೆಯಲ್ಲಿ ಉಳಿದಿರುವುದು ಒಂಬತ್ತು ಕ್ಯಾಪ್ಸೂಲ್‌ಗಳು. ಅವು ಹೆಚ್ಚು ದಿನ ಬರಲೆಂದು ಆಕೆ ದಿನ ಬಿಟ್ಟು ದಿನ ನುಂಗುವ ಯೋಚನೆಯಲ್ಲಿದ್ದಾಳೆ. ಇದು ಸರಿಯೇ?

ಉತ್ತರ 1
ದಯವಿಟ್ಟು ಹಾಗೆ ಮಾಡಲು ಬಿಡಬೇಡಿ, ಇಂದೇ ವೈದ್ಯರಿಗೆ ತಿಳಿಸಿ. ಫಿಂಗೋಲಿಮಾಡ್ ನಿಂತಾಗ ರೋಗವು ಮೊದಲಿಗಿಂತ ತೀವ್ರವಾಗಿ ಮರುಕಳಿಸಬಹುದು. ಹದಿನಾಲ್ಕು ದಿನಕ್ಕಿಂತ ಹೆಚ್ಚು ಬಿಟ್ಟು ಮತ್ತೆ ಆರಂಭಿಸುವುದಾದರೆ ಮೊದಲ ದಿನದಂತೆಯೇ ಆರು ಗಂಟೆ ಹೃದಯಬಡಿತವನ್ನು ಗಮನಿಸಬೇಕಾಗುತ್ತದೆ. ಮೇಲ್ಮನವಿಯಲ್ಲಿ ಈ ಅಪಾಯವನ್ನೇ ಮುಂದಿಟ್ಟು, ತುರ್ತು ಮರುಪರಿಶೀಲನೆಯನ್ನೂ ಅಲ್ಲಿಯವರೆಗೆ ಹಳೆಯ ಔಷಧದ ಮುಂದುವರಿಕೆಯನ್ನೂ ಒಟ್ಟಿಗೆ ಕೇಳಿ. ನಿರಾಕರಣೆಗೆ ಬಳಸಿದ ಮಾನದಂಡದ ಪ್ರತಿಯನ್ನು ಲಿಖಿತವಾಗಿ ಪಡೆಯಿರಿ. ಆಗ ವೈದ್ಯರ ಪತ್ರವು ‘ಈ ಔಷಧ ಅಗತ್ಯ’ ಎಂದಷ್ಟೇ ಹೇಳದೆ, ಎರಡು ಎಂಆರ್‌ಐಗಳ ದಿನಾಂಕ, ಹೊಸ ಕಲೆಗಳ ಸಂಖ್ಯೆ, ಈಗಿನ ಔಷಧ ಫಲಿಸದ ಬಗೆ, ಇವುಗಳನ್ನು ಆ ಮಾನದಂಡದ ಒಂದೊಂದು ಅಂಶಕ್ಕೂ ಹೊಂದಿಸಿ ಬರೆಯಲು ಸಾಧ್ಯವಾಗುತ್ತದೆ. ನನ್ನ ಪತಿಯ ಮೊದಲ ಅರ್ಜಿ ತಿರಸ್ಕೃತವಾಗಿ, ಇಂಥ ಪತ್ರದೊಂದಿಗೆ ಹೋದ ಎರಡನೆಯದು ಮಂಜೂರಾಯಿತು.

ಉತ್ತರ 2
ಅನುಮತಿ ಸಿಕ್ಕ ಮೇಲೂ ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಆಕ್ರೆಲಿಜುಮಾಬ್ ಡ್ರಿಪ್ ಮೂಲಕ ಕೊಡುವ ಔಷಧವಾದ್ದರಿಂದ, ಮನೆಯಲ್ಲಿ ನುಂಗುವ ಔಷಧಗಳ ಬಾಬ್ತಿನ ಬದಲು ಆಸ್ಪತ್ರೆ ಚಿಕಿತ್ಸೆಯ ಬಾಬ್ತಿಗೆ ಸೇರುವುದುಂಟು. ಆಗ ಕೋ-ಪೇ, ಅಂದರೆ ಬಿಲ್ಲಿನಲ್ಲಿ ನೀವು ಕಟ್ಟುವ ಪಾಲಿನ ಲೆಕ್ಕವೇ ಬೇರೆಯಾಗುತ್ತದೆ. ಡ್ರಿಪ್ ಹಾಕುವ ಶುಲ್ಕ, ಹೆಪಟೈಟಿಸ್ ಬಿ ಪರೀಕ್ಷೆ ಮತ್ತು ಮುಂದಿನ ಎಂಆರ್‌ಐಗಳ ಬಗ್ಗೆ ಬೇರೆಯಾಗಿಯೇ ವಿಚಾರಿಸಿ. ಮೊದಲ ಡೋಸನ್ನು ತಲಾ 300 ಮಿಲಿಗ್ರಾಂನಂತೆ ಎರಡು ವಾರಗಳ ಅಂತರದಲ್ಲಿ ಎರಡು ಸಲ ಕೊಡುತ್ತಾರೆ, ಆಮೇಲೆ ಆರು ತಿಂಗಳಿಗೊಮ್ಮೆ 600. ಆ ಎರಡು ವಾರಗಳ ನಡುವೆ ಪಾಲಿಸಿ ವರ್ಷ ಬದಲಾದರೆ ಡಿಡಕ್ಟಿಬಲ್ (ವಿಮೆ ಹಣ ಕೊಡುವ ಮೊದಲು ನೀವೇ ಭರಿಸಬೇಕಾದ ಮೊತ್ತ) ಮತ್ತೆ ಮೊದಲಿಂದ ಕಟ್ಟಬೇಕಾದೀತು.

ಉತ್ತರ 3
ಮನವಿ ಸೋತರೆ ರಿಟುಕ್ಸಿಮಾಬ್ ಬಗ್ಗೆ ತಜ್ಞರನ್ನು ಕೇಳಿ. ಆಕ್ರೆಲಿಜುಮಾಬ್‌ನಂತೆ ಅದೂ ಬಿ-ಕೋಶಗಳೆಂಬ ರೋಗನಿರೋಧಕ ಕೋಶಗಳ ಮೇಲಿನ ಸಿಡಿ20 ಎಂಬ ಪ್ರೋಟೀನನ್ನೇ ಗುರಿಯಾಗಿಸುತ್ತದೆ, ಬಯೋಸಿಮಿಲರ್‌ಗಳೂ (ಮೂಲ ಔಷಧವನ್ನು ಹೋಲುವ ಬೇರೆ ಕಂಪನಿಗಳ ಔಷಧಗಳು) ಇವೆ. ಎಂಎಸ್‌ಗೆ ಅಧಿಕೃತ ಪರವಾನಗಿ ಇಲ್ಲವೆಂದು ವಿಮೆಯವರು ಆಕ್ಷೇಪಿಸಿದರೆ, ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಅದನ್ನು ಎಂಎಸ್‌ಗಾಗಿಯೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ ಎಂಬುದನ್ನು ಪತ್ರದಲ್ಲಿ ಬರೆಯಿಸಿ.

ಪ್ರಶ್ನೆ ಕೇಳಿದವರು
ತಂಗಿ ಇಂದಿನ ಕ್ಯಾಪ್ಸೂಲ್ ನುಂಗಿದ್ದಾಳೆ. ಮಾನದಂಡದ ಪ್ರತಿ ಕೋರಿ ಪತ್ರ ಕಳುಹಿಸಿದ್ದೇನೆ, ನಾಳೆ ಬೆಳಿಗ್ಗೆ ತಜ್ಞರನ್ನು ಕಾಣುತ್ತೇವೆ.