ಡೌನ್‌ಲೋಡ್ ಆದ ಪಿಡಿಎಫ್ ಓಪನ್ ಆಗ್ತಿಲ್ಲ, ಎಲ್ಲಾ ವ್ಯೂವರಲ್ಲೂ ಅದೇ ಎರರ್, ದಯವಿಟ್ಟು ಸಹಾಯ ಮಾಡಿ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಒಂದು ಸೈಟಲ್ಲಿ ಲಾಗಿನ್ ಆಗಿ ಒಂದು ಮ್ಯಾನ್ಯುಯಲ್ ಇಳಿಸ್ಕೊಬೇಕಿತ್ತು. ಡೌನ್‌ಲೋಡೇನೋ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯತ್ತೆ, ಹೆಸರೂ ಸರಿಯಾಗಿದೆ, ಕೊನೇಲಿ ಡಾಟ್ ಪಿಡಿಎಫ್ ಅಂತಾನೂ ಇದೆ, ಆದ್ರೆ ಓಪನ್ ಮಾಡಿದ್ರೆ ಅಡೋಬಿ ರೀಡರಲ್ಲಿ ಈ ಥರದ ಫೈಲ್ ಸಪೋರ್ಟ್ ಇಲ್ಲ ಅಥವಾ ಫೈಲ್ ಡ್ಯಾಮೇಜ್ ಆಗಿದೆ ಅಂತ ಬರತ್ತೆ. ರೀಡರ್ ತೆಗೆದು ಮತ್ತೆ ಹಾಕ್ದೆ, ಬೇರೆ ವ್ಯೂವರ್ ಹಾಕಿ ನೋಡ್ದೆ, ಕ್ರೋಮ್ ಒಳಗೇ ಎಳೆದು ಬಿಟ್ಟೆ, ಎಲ್ಲಾ ಕಡೆ ಅದೇ ಹಾಡು. ಫೋನಲ್ಲಿ ಇನ್ನೂ ಕಷ್ಟ, ಒಂದು ಮೆಸೇಜಲ್ಲಿ ಬಂದ ಲಿಂಕಿಂದ ಹೋಗಿ ಡೌನ್‌ಲೋಡ್ ಬಟನ್ ಒತ್ತಿದ್ರೆ ಏನೂ ಆಗೋದೇ ಇಲ್ಲ. ಇದು ನನ್ನ ಕಂಪ್ಯೂಟರಿನ ಸಮಸ್ಯೆನಾ ಅಥವಾ ಸೈಟಿಂದಾ?

ಉತ್ತರ:
ಮೊದ್ಲು ವ್ಯೂವರ್ ಬದಲಾಯಿಸೋದು ನಿಲ್ಲಿಸಿ. ಇಷ್ಟು ವ್ಯೂವರಲ್ಲಿ ಒಂದೇ ಥರ ಎರರ್ ಬಂತು ಅಂದ್ರೆ ತೊಂದರೆ ಇರೋದು ಫೈಲಲ್ಲಿ, ಅದರ ಒಳಗೆ ಏನಿದೆ ಅಂತ ನೋಡದೆ ಏನು ಮಾಡಿದ್ರೂ ಕತ್ತಲಲ್ಲಿ ತಡಕಾಡಿದ ಹಾಗೇನೇ.

ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸಲ್ಲಿ ಸೈಜ್ ನೋಡಿ. ಆಮೇಲೆ ಅದೇ ಫೈಲನ್ನ ನೋಟ್‌ಪ್ಯಾಡಲ್ಲಿ ಓಪನ್ ಮಾಡಿ. ಹೌದು, ನೋಟ್‌ಪ್ಯಾಡಲ್ಲೇ, ಏನೂ ಆಗಲ್ಲ, ಸೇವ್ ಮಾತ್ರ ಒತ್ತಬೇಡಿ. ನಿಜವಾದ ಪಿಡಿಎಫ್ ಆಗಿದ್ರೆ ಮೊಟ್ಟಮೊದಲ ಸಾಲಲ್ಲೇ ಒಂದು ಪರ್ಸೆಂಟ್ ಚಿಹ್ನೆ, ಅದಕ್ಕೇ ಅಂಟಿಕೊಂಡು ದೊಡ್ಡಕ್ಷರದಲ್ಲಿ ಪಿಡಿಎಫ್, ಒಂದು ಅಡ್ಡಗೆರೆ, ಅದಾದ್ಮೇಲೆ 1.4 ಅಥವಾ 1.7 ಥರ ವರ್ಷನ್ ನಂಬರ್ ಇರತ್ತೆ. ಅದರ ಕೆಳಗೆ ಓದಕ್ಕಾಗದ ಚಿತ್ರವಿಚಿತ್ರ ಅಕ್ಷರಗಳು ಪುಟಗಟ್ಟಲೆ ಇರತ್ತೆ, ಅದು ಹಾಗೇ ಇರ್ಬೇಕು, ಗಾಬರಿ ಬೇಡ. ಕಟ್ಟಕಡೇಲಿ ಎರಡು ಪರ್ಸೆಂಟ್ ಚಿಹ್ನೆ ಮತ್ತೆ ಇಒಎಫ್ ಅಂತ ಮೂರು ಅಕ್ಷರ ಇರ್ಬೇಕು. ತಲೇನೂ ಇದೆ ಬಾಲಾನೂ ಇದೆ ಅಂದ್ರೆ ಫೈಲ್ ಹೆಚ್ಚುಕಮ್ಮಿ ಪೂರ್ತಿ ಬಂದಿದೆ, ಆಗ ವ್ಯೂವರ್ ಕಡೆ ನೋಡೋಣ. ತಲೆ ಇದೆ ಬಾಲ ಇಲ್ಲ ಅಂದ್ರೆ ಅರ್ಧಕ್ಕೇ ಕಟ್ಟಾಗಿದೆ. ತಲೇನೇ ಇಲ್ಲ ಅಂದ್ರೆ ಅದು ಪಿಡಿಎಫ್ಫೇ ಅಲ್ಲ. ನೋಡಿ ಇಲ್ಲಿ ಬರೀರಿ.

ಪ್ರಶ್ನೆ ಕೇಳಿದವರು:
ನೋಡ್ದೆ ಸರ್. ಸೈಜ್ ಬರೀ 14 ಕೆಬಿ. ನೋಟ್‌ಪ್ಯಾಡಲ್ಲಿ ಪರ್ಸೆಂಟ್ ಚಿಹ್ನೆ ಇಲ್ಲ, ಶುರುವಲ್ಲೇ ಡಾಕ್‌ಟೈಪ್ ಎಚ್‌ಟಿಎಂಎಲ್ ಅಂತಿದೆ, ಕೆಳಗೆ ಹೋದ್ರೆ ಯೂಸರ್ ನೇಮ್, ಪಾಸ್‌ವರ್ಡ್ ಅಂತೆಲ್ಲ ಕಾಣ್ತಿದೆ.

ಉತ್ತರ:
ಸಿಕ್ತು ನೋಡಿ. ನಿಮಗೆ ಬಂದಿರೋದು ಆ ಸೈಟಿನ ಲಾಗಿನ್ ಪೇಜು, ಮ್ಯಾನ್ಯುಯಲ್ ಅಲ್ವೇ ಅಲ್ಲ. ನಿಮ್ಮ ಸೆಷನ್, ಅಂದ್ರೆ ಲಾಗಿನ್ ಅವಧಿ, ಮುಗಿದುಹೋಗಿದೆ ಅಥವಾ ರಿಕ್ವೆಸ್ಟ್ ಜೊತೆ ಕುಕ್ಕಿ, ಅಂದ್ರೆ ನೀವು ಲಾಗಿನ್ ಆಗಿದೀರಿ ಅಂತ ತೋರ್ಸಕ್ಕೆ ಬ್ರೌಸರ್ ಇಟ್ಕೊಂಡಿರೋ ಗುರುತು, ಹೋಗಿಲ್ಲ, ಸರ್ವರಿಗೆ ನೀವು ಯಾರು ಅಂತ ಗೊತ್ತಾಗಿಲ್ಲ, ಅದಕ್ಕೆ ಫೈಲ್ ಬದಲು ಲಾಗಿನ್ ಆಗಿ ಅನ್ನೋ ಪೇಜ್ ಕಳ್ಸಿದೆ, ಡೌನ್‌ಲೋಡ್ ಮಾಡಿದ ಪ್ರೋಗ್ರಾಮ್ ಆ ಪೇಜನ್ನೇ ಲಿಂಕಲ್ಲಿದ್ದ ಹೆಸರು ಕೊಟ್ಟು ಸೇವ್ ಮಾಡಿಟ್ಟಿದೆ. ಹೆಸರು ಪಿಡಿಎಫ್, ಒಳಗಿರೋದು ವೆಬ್ ಪೇಜ್. ಇದನ್ನ ರಿಪೇರಿ ಮಾಡೋ ಸಾಫ್ಟ್‌ವೇರ್ ಅಂತ ಹುಡುಕಬೇಡಿ, ಒಳಗೆ ಡಾಕ್ಯುಮೆಂಟೇ ಇಲ್ಲದಿದ್ರೆ ಯಾರು ಏನು ರಿಪೇರಿ ಮಾಡ್ತಾರೆ ಹೇಳಿ.

ಒಂದು ಪ್ರಶ್ನೆ, ನೀವು ಡೌನ್‌ಲೋಡ್ ಮ್ಯಾನೇಜರ್ ಏನಾದ್ರೂ ಹಾಕಿದೀರಾ? ಅಥವಾ ಲಿಂಕ್ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಲಿಂಕ್ ಆ್ಯಸ್ ಕೊಡ್ತಿದೀರಾ? ಮ್ಯಾನೇಜರ್ ಬ್ರೌಸರಿಂದ ಲಿಂಕ್ ಕಿತ್ಕೊಂಡು ತಾನೇ ಹೊಸದಾಗಿ ಕೇಳತ್ತೆ, ನಿಮ್ಮ ಲಾಗಿನ್ ಕುಕ್ಕಿ ಅದರ ಹತ್ರ ಇಲ್ಲ ಅಂದ್ರೆ ಹೀಗೇ ಆಗೋದು. ಸೇವ್ ಲಿಂಕ್ ಆ್ಯಸಲ್ಲಿ ಬೇರೆ ತೊಂದ್ರೆ, ಎಷ್ಟೋ ಸೈಟಲ್ಲಿ ಆ ಲಿಂಕ್ ನೇರವಾಗಿ ಫೈಲಿಗೆ ಹೋಗಲ್ಲ, ಮಧ್ಯ ಇನ್ನೊಂದು ಪೇಜ್ ಇರತ್ತೆ, ನಿಮಗೆ ಆ ಮಧ್ಯದ ಪೇಜೇ ಸೇವ್ ಆಗತ್ತೆ. ಹಾಗಾಗಿ ಮ್ಯಾನೇಜರಿನ ಎಕ್ಸ್‌ಟೆನ್ಶನ್ ಸ್ವಲ್ಪ ಹೊತ್ತು ಆಫ್ ಮಾಡಿ, ಸೈಟಿಂದ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ, ಲಿಂಕನ್ನ ಮಾಮೂಲಿಯಾಗಿ ಒಂದೇ ಸಲ ಕ್ಲಿಕ್ ಮಾಡಿ. ಬ್ರೌಸರ್ ಟ್ಯಾಬಲ್ಲೇ ಡಾಕ್ಯುಮೆಂಟ್ ತೆರ್ಕೊಂಡ್ರೆ ಒಳ್ಳೇದೇ, ಮೇಲೆ ಬಲಗಡೆ ಕೆಳಮುಖದ ಬಾಣ ಇರತ್ತೆ, ಅದನ್ನ ಒತ್ತಿ ಸೇವ್ ಮಾಡಿ.

ಟ್ಯಾಬಲ್ಲಿ ತೆರ್ಕೊಳ್ಳೋದೇ ಬೇಡ, ಯಾವಾಗ್ಲೂ ಡೌನ್‌ಲೋಡ್ ಆಗ್ಲಿ ಅನ್ನೋರಿಗೆ: ಕ್ರೋಮ್ ಸೆಟ್ಟಿಂಗ್ಸಲ್ಲಿ ಸೈಟ್ ಸೆಟ್ಟಿಂಗ್ಸ್ ಒಳಗೆ ಪಿಡಿಎಫ್ ಡಾಕ್ಯುಮೆಂಟ್ಸ್ ಅಂತ ಇದೆ, ಅಲ್ಲಿ ಬದಲಾಯಿಸ್ಬೋದು. ಫೈರ್‌ಫಾಕ್ಸಲ್ಲಿ ಜನರಲ್ ಕೆಳಗೆ ಅಪ್ಲಿಕೇಶನ್ಸ್ ಪಟ್ಟೀಲಿ ಪಿಡಿಎಫ್ ಎದುರಿಗೆ ಸೇವ್ ಫೈಲ್ ಕೊಡಿ.

ಫೋನ್ ವಿಷ್ಯ ಬೇರೆ. ಮೆಸೇಜ್ ಆ್ಯಪಲ್ಲಿ ಲಿಂಕ್ ಒತ್ತಿದಾಗ ಎಷ್ಟೋ ಆ್ಯಪುಗಳು ಕ್ರೋಮಿಗೆ ಕಳ್ಸಲ್ಲ, ತಮ್ಮೊಳಗೇ ಒಂದು ಪುಟ್ಟ ಬ್ರೌಸರ್ ತೆರೀತವೆ. ಸೈಟ್ ಫೈಲನ್ನ ಪೇಜೊಳಗೇ ತಯಾರು ಮಾಡಿ ಕೊಡೋ ಥರದ್ದಾದ್ರೆ, ಅಂದ್ರೆ ಲಿಂಕ್ ಬ್ಲಾಬ್ ಅಂತ ಶುರುವಾದ್ರೆ, ಆ ಒಳಗಿನ ಬ್ರೌಸರಿಗೆ ಅದನ್ನ ಹಿಡ್ಕೊಳ್ಳಕ್ಕೆ ಎಷ್ಟೋ ಸಲ ಬರಲ್ಲ, ಎರರ್ ಕೂಡ ತೋರ್ಸದೆ ಸುಮ್ನಾಗತ್ತೆ. ಮೇಲಿನ ಮೂರು ಚುಕ್ಕಿ ಒತ್ತಿ ಓಪನ್ ಇನ್ ಬ್ರೌಸರ್ ಕೊಡಿ, ಅಲ್ಲಿ ಮತ್ತೆ ಲಾಗಿನ್ ಆಗಿ, ಅಲ್ಲಿಂದ ಇಳಿಸಿ.

ಪ್ರಶ್ನೆ ಕೇಳಿದವರು:
ಮ್ಯಾನೇಜರ್ ಇತ್ತು ಸರ್! ಆಫ್ ಮಾಡಿ ಲಾಗಿನ್ ಆಗಿ ಕ್ಲಿಕ್ ಮಾಡ್ದೆ, ಈಗ 8 ಎಂಬಿ ಫೈಲ್ ಬಂತು, ಓಪನ್ನೂ ಆಯ್ತು, ಮೊದಲ ಸಾಲಲ್ಲಿ ನೀವು ಹೇಳಿದ ಪರ್ಸೆಂಟ್ ಚಿಹ್ನೇನೂ ಇದೆ. ಫೋನಲ್ಲೂ ಕ್ರೋಮಿಂದ ಆಯ್ತು. ತುಂಬಾ ಥ್ಯಾಂಕ್ಸ್.

ಇನ್ನೊಬ್ಬರು:
ಇದೇ ಜಾಗದಲ್ಲಿ ನಂದೂ ಕೇಳ್ತೀನಿ. ಸ್ಕ್ಯಾನ್ ಮಾಡಿದ ದೊಡ್ಡ ಪುಸ್ತಕದ ಫೈಲು, ಡೌನ್‌ಲೋಡ್ ಇನ್ನೇನು ಮುಗೀತು ಅನ್ನೋವಾಗ ನಿಂತೋಗತ್ತೆ. ಫೋಲ್ಡರಲ್ಲಿ ಸಿಆರ್‌ಡೌನ್‌ಲೋಡ್ ಅಂತ ಬಾಲ ಇರೋ ಫೈಲ್ ಇದೆ, ಆ ಬಾಲ ಅಳಿಸಿ ಪಿಡಿಎಫ್ ಅಂತ ಹೆಸರು ಬದಲಾಯಿಸಿದ್ರೂ ತೆರೀತಿಲ್ಲ. ಮುಕ್ಕಾಲು ಭಾಗ ಬಂದಿದೆಯಲ್ಲ, ಬಂದಷ್ಟು ಪುಟನಾದ್ರೂ ಕಾಣ್ಬೇಕಲ್ವಾ?

ಉತ್ತರ:
ಹಾಗೆ ಅನ್ಸೋದು ಸಹಜ, ಆದ್ರೆ ಪಿಡಿಎಫ್ ಕಟ್ಟಿರೋ ರೀತೀನೇ ಬೇರೆ. ಯಾವ ಪುಟ, ಯಾವ ಚಿತ್ರ, ಯಾವ ಫಾಂಟು ಫೈಲಿನ ಎಷ್ಟನೇ ಬೈಟಿಂದ ಶುರು ಆಗತ್ತೆ ಅನ್ನೋ ಪಟ್ಟಿ ಇರತ್ತಲ್ಲ, ಎಕ್ಸ್‌ರೆಫ್ ಟೇಬಲ್ ಅಂತಾರೆ, ಅದು ಸಾಮಾನ್ಯವಾಗಿ ಫೈಲಿನ ಕೊನೇಲಿರತ್ತೆ. ವ್ಯೂವರ್ ಮೊದ್ಲು ಕೊನೆಗೆ ಹೋಗಿ ಆ ಪಟ್ಟಿ ಓದಿ ಆಮೇಲೆ ಮೊದಲ ಪುಟಕ್ಕೆ ಬರೋದು. ನಿಮ್ಮ ಫೈಲಲ್ಲಿ ಇಲ್ಲದಿರೋದು ಆ ಕೊನೆಯ ತುಂಡೇ, ಅದಕ್ಕೆ ಮುಕ್ಕಾಲು ಪಾಲು ಪುಟ ಒಳಗಿದ್ರೂ ಎಲ್ಲಿವೆ ಅಂತ ವ್ಯೂವರಿಗೆ ಗೊತ್ತಾಗಲ್ಲ. ವೆಬ್ಬಲ್ಲಿ ಬೇಗ ಕಾಣ್ಲಿ ಅಂತ ಲೀನಿಯರೈಸ್ ಮಾಡಿದ ಫೈಲುಗಳೂ ಇವೆ, ಅದರಲ್ಲಿ ಮೊದಲ ಪುಟಕ್ಕೆ ಬೇಕಾದ ಮಾಹಿತಿ ಮುಂದೇನೇ ಇರತ್ತೆ, ಎಲ್ಲಾ ಫೈಲೂ ಹಾಗಿರಲ್ಲ.

ಹೆಸರು ಬದಲಾಯಿಸೋದು ಬಿಡಿ, ಕ್ರೋಮಿನ ಡೌನ್‌ಲೋಡ್ಸ್ ಪೇಜಲ್ಲಿ ರೆಸ್ಯೂಮ್ ಬರ್ತಿದ್ಯಾ ನೋಡಿ, ಬಂದ್ರೆ ಮಧ್ಯದಿಂದ ಮುಂದುವರಿಯತ್ತೆ. ಸರ್ವರ್ ಅದಕ್ಕೆ ಒಪ್ಪಲ್ಲ ಅಂದ್ರೆ ಮೊದಲಿಂದಾನೇ. ನಾನಂತೂ ದೊಡ್ಡ ಫೈಲಿಗೆ ಡಬ್ಲ್ಯೂಗೆಟ್ ಅನ್ನೋ ಕಮಾಂಡ್ ಟೂಲನ್ನೇ ಬಳಸೋದು, ಕಂಟಿನ್ಯೂ ಆಪ್ಶನ್ ಜೊತೆ ಕೊಟ್ರೆ ಕನೆಕ್ಷನ್ ಕಡಿದ್ರೂ ಇದ್ದಲ್ಲಿಂದ ಎತ್ಕೊಳ್ಳತ್ತೆ, ಲಾಗಿನ್ ಬೇಡದ ಲಿಂಕಾಗಿದ್ರೆ ಇದಕ್ಕಿಂತ ನೆಮ್ಮದಿ ಇನ್ನೊಂದಿಲ್ಲ. ಡಿಸ್ಕಲ್ಲಿ ಜಾಗ ಇದ್ಯಾ ಅಂತಾನೂ ನೋಡಿ. ನೇರವಾಗಿ ಪೆನ್‌ಡ್ರೈವಿಗೆ ಇಳಿಸ್ತಿದ್ರೆ ಅದರ ಫಾರ್ಮ್ಯಾಟ್ ಫ್ಯಾಟ್ 32 ಇದ್ಯಾ ನೋಡಿ, ಅದರಲ್ಲಿ ಎಷ್ಟು ಖಾಲಿ ಇದ್ರೂ ಒಂದು ಫೈಲ್ 4 ಜಿಬಿ ಮುಟ್ಟೋ ಹಾಗಿಲ್ಲ. ಪೂರ್ತಿ ಬಂದ್ಮೇಲೆ ಸೈಟಲ್ಲಿ ಶಾ 256 ಅಂತ ಫೈಲಿನ ಗುರುತಿನ ಉದ್ದ ನಂಬರ್ ಕೊಟ್ಟಿದ್ರೆ ಹೋಲಿಸಿ, ವಿಂಡೋಸ್ ಕಮಾಂಡ್ ಪ್ರಾಂಪ್ಟಲ್ಲಿ ಸರ್ಟ್‌ಯುಟಿಲ್ ಕಮಾಂಡಿಂದ ಅದೇ ನಂಬರ್ ತೆಗೀಬೋದು, ಒಂದಕ್ಷರ ವ್ಯತ್ಯಾಸ ಇದ್ರೂ ಫೈಲ್ ಸರಿಯಿಲ್ಲ.

ಮತ್ತೆ ಸಿಗದೇ ಇರೋ ಫೈಲ್ ಆದ್ರೆ ಮಾತ್ರ ಕ್ಯೂಪಿಡಿಎಫ್ ಅಥವಾ ಮ್ಯೂಟೂಲ್ ಪ್ರಯತ್ನ ಪಡಿ. ಎರಡೂ ಫ್ರೀ, ಫೈಲೆಲ್ಲ ಹುಡುಕಿ ಪಟ್ಟಿ ಹೊಸದಾಗಿ ಕಟ್ಟಕ್ಕೆ ನೋಡ್ತವೆ, ಬಂದಿರೋ ಪುಟಗಳು ಎಷ್ಟೋ ಸಲ ಸಿಗತ್ತೆ. ಆನ್‌ಲೈನ್ ರಿಪೇರಿ ಸೈಟುಗಳಿಗೆ ಮಾತ್ರ ಬ್ಯಾಂಕ್ ಸ್ಟೇಟ್‌ಮೆಂಟು, ಗುರುತಿನ ಚೀಟಿ ಥರದ್ದನ್ನ ಅಪ್‌ಲೋಡ್ ಮಾಡ್ಬೇಡಿ. ನಿಮ್ಮ ಖಾಸಗಿ ಕಾಗದ ಯಾರದೋ ಸರ್ವರಲ್ಲಿ ಕೂತಿರತ್ತೆ.

ಮತ್ತೊಬ್ಬರು:
ನಂದು ಫುಲ್ ಬಂದಿದೆ, ತಲೆ ಬಾಲ ಎರಡೂ ಇದೆ, ಆದ್ರೆ ಓಪನ್ ಮಾಡಿದ್ರೆ ಒಂದೇ ಪುಟ, ಅದರಲ್ಲಿ ಪ್ಲೀಸ್ ವೇಟ್ ಅಂತ ಇಂಗ್ಲಿಷಲ್ಲಿ ಬಂದು ಅಲ್ಲೇ ಕೂತಿರತ್ತೆ. ನೆಟ್ ಸ್ಲೋ ಇರ್ಬೇಕು ಅಂತ ಎಷ್ಟೋ ಹೊತ್ತು ಕಾದೆ.

ಉತ್ತರ:
ಕಾಯ್ಬೇಡಿ, ಅದು ಲೋಡ್ ಆಗ್ತಿರೋದಲ್ಲ. ಆ ಸಾಲೇ ಆ ಪುಟದಲ್ಲಿ ಬರೆದಿರೋ ಮ್ಯಾಟರು. ನಿಮ್ಮದು ಎಕ್ಸ್‌ಎಫ್‌ಎ ಅನ್ನೋ ಹಳೇ ಥರದ ಫಾರ್ಮ್. ನಿಜವಾದ ಫಾರ್ಮ್ ಬೇರೆ ರೂಪದಲ್ಲಿ ಒಳಗಡೆ ಇರತ್ತೆ, ಅದನ್ನ ಓದಕ್ಕೆ ಬರದ ವ್ಯೂವರಿಗೆ ಈ ಪುಟ ಒಂದೇ ಕಾಣೋದು. ಡೆಸ್ಕ್‌ಟಾಪಿನ ಅಡೋಬಿ ರೀಡರಲ್ಲಿ ತೆರೀರಿ, ಇಲ್ಲಾಂದ್ರೆ ಫೈರ್‌ಫಾಕ್ಸ್ 2021ರಲ್ಲಿ ಬಂದ 93ನೇ ವರ್ಷನ್ನಿಂದ ಇಂಥ ಫಾರ್ಮುಗಳನ್ನ ತೋರ್ಸತ್ತೆ. 2017ರ ಪಿಡಿಎಫ್ 2.0 ಸ್ಟಾಂಡರ್ಡಲ್ಲಿ ಎಕ್ಸ್‌ಎಫ್‌ಎ ಬಳಸೋದು ಬೇಡ ಅಂತಾನೇ ಹೇಳಿದಾರೆ, ಹಾಗಿದ್ರೂ ಇಂಥ ಫಾರ್ಮ್ ಕೊಡೋರು ಇನ್ನೂ ಇದಾರೆ, ಪಾಪ ತುಂಬೋರು ಗಂಟೆಗಟ್ಟಲೆ ಕಾಯ್ತಾರೆ, ಅದು ನೋಡಿದ್ರೆ ನಿಜಕ್ಕೂ ಬೇಜಾರಾಗತ್ತೆ.

ಇನ್ನೊಬ್ಬರು:
ಒಂದು ಸಣ್ಣ ಡೌಟು. ವರ್ಡ್ ಫೈಲ್ ಇಳಿಸಿದ್ರೆ ಡಾಟ್ ಜಿಪ್ ಅಂತ ಸೇವ್ ಆಗ್ತಿದೆ, ಬಿಡಿಸಿದ್ರೆ ಒಳಗೆ ಏನೇನೋ ಎಕ್ಸ್‌ಎಂಎಲ್ ಫೈಲುಗಳು. ವೈರಸ್ಸಾ?

ಉತ್ತರ:
ಅಷ್ಟಕ್ಕೇ ವೈರಸ್ ಅನ್ನಕ್ಕಾಗಲ್ಲ. ವರ್ಡಿನ ಡಾಕ್ಸ್ ಫೈಲ್ ಅನ್ನೋದೇ ಒಂದು ಜಿಪ್, ನೋಟ್‌ಪ್ಯಾಡಲ್ಲಿ ನೋಡಿದ್ರೆ ಪಿಕೆ ಅನ್ನೋ ಎರಡಕ್ಷರದಿಂದ ಶುರು ಆಗತ್ತೆ. ಸರ್ವರ್ ಇದು ಯಾವ ಥರದ ಫೈಲ್ ಅಂತ ಸರಿಯಾಗಿ ಹೇಳಿಲ್ಲ, ಅದಕ್ಕೆ ಜಿಪ್ ಅಂತ ಸೇವ್ ಆಗಿದೆ. ಬಿಡಿಸಿದ ಫೋಲ್ಡರಲ್ಲಿ ವರ್ಡ್ ಅನ್ನೋ ಫೋಲ್ಡರ್ ಇದ್ರೆ ಅದು ಡಾಕ್ಸೇ. ಬಿಡಿಸದೇ ಇರೋ ಜಿಪ್ ಫೈಲಿನ ಹೆಸರಲ್ಲಿ ಕೊನೇದನ್ನ ಡಾಕ್ಸ್ ಅಂತ ಬದಲಾಯಿಸಿ, ತೆರ್ಕೊಳ್ಳತ್ತೆ. ವಿಂಡೋಸಲ್ಲಿ ಆ ಕೊನೇ ಭಾಗ ಕಾಣ್ತಿಲ್ಲ ಅಂದ್ರೆ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಟಿಕ್ ಮಾಡಿ, ಮಾಡಿದ್ಮೇಲೆ ಹಾಗೇ ಬಿಟ್ಬಿಡಿ. ಅದು ಆಫ್ ಇದ್ರೆ ಪಿಡಿಎಫ್ ಡಾಟ್ ಇಎಕ್ಸ್‌ಇ ಅಂತ ಇರೋ ಪ್ರೋಗ್ರಾಮ್ ಕೂಡ ನಿಮಗೆ ಬರೀ ಪಿಡಿಎಫ್ ಅಂತ ಕಾಣತ್ತೆ, ಅಂಥದ್ದು ಸಿಕ್ರೆ ತೆರೀಲೇಬೇಡಿ, ಡಿಲೀಟ್ ಮಾಡಿ.