ಸಹಾಯ ಬೇಕು: ಬಿದ್ದ ಟೆಕ್ ಷೇರು ಅಗ್ಗವೋ, ಬಲೆಯೋ?

ನಮಸ್ಕಾರ. ನನ್ನ ಹತ್ರ ಇರೋ ಒಂದು ಸಾಫ್ಟ್‌ವೇರ್ ಕಂಪನಿ ಷೇರು ತ್ರೈಮಾಸಿಕ ಫಲಿತಾಂಶದ ಮರುದಿನವೇ ಕಾಲು ಭಾಗ ಕುಸಿದುಬಿಡ್ತು. (ಹೆಸರು ಬೇಡ, ಜಗಳ ಶುರುವಾಗುತ್ತೆ.) ಆದಾಯ ಏರಿದೆ, ಸಾಲ ಇಲ್ಲ; ಮುಂದಿನ ಅಂದಾಜು ಮಾತ್ರ ತಗ್ಗಿಸಿದ್ದಾರೆ.

ಪಿಇ (ಷೇರು ಬೆಲೆ ಪ್ರತಿ ಷೇರಿನ ಲಾಭದ ಎಷ್ಟು ಪಟ್ಟು ಅನ್ನೋ ಲೆಕ್ಕ) ನೋಡಿದೆ, ನಗದು ಹರಿವಿನ ಪಟ್ಟಿಯನ್ನೂ ಕೂತು ಓದಿದೆ. ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ಫ್ರೀ ಕ್ಯಾಶ್ ಫ್ಲೋ (ನಗದು ಖರ್ಚು, ಬಂಡವಾಳ ವೆಚ್ಚ ಕಳೆದು ಕೈಯಲ್ಲಿ ಉಳಿಯೋ ಹಣ) ಚೆನ್ನಾಗಿ ಕಾಣುತ್ತೆ, ಆದರೆ ಸಿಬ್ಬಂದಿಗೆ ಷೇರು ರೂಪದಲ್ಲಿ ಕೊಟ್ಟ ಸಂಬಳ ಕಳೆದರೆ ಹೆಚ್ಚೇನೂ ಉಳಿಯಲ್ಲ.

2022ರಲ್ಲಿ ಒಂದೇ ದಿನ 26% ಬಿದ್ದ ಮೆಟಾ (ಫೇಸ್‌ಬುಕ್‌ನ ಕಂಪನಿ) 2023ರಲ್ಲಿ ಚೇತರಿಸಿಕೊಳ್ತು. 2000ದಲ್ಲಿ ಬಿದ್ದ ನೆಟ್‌ವರ್ಕ್ ಉಪಕರಣಗಳ ಕಂಪನಿ ಸಿಸ್ಕೋ ಇಪ್ಪತ್ತು ವರ್ಷ ಕಳೆದರೂ ಹಳೇ ಎತ್ತರ ಮುಟ್ಟಲಿಲ್ಲ. ಹಾಗಾಗಿ "ಬಿದ್ದದ್ದು ಏಳುತ್ತೆ ಬಿಡಿ" ಅನ್ನೋ ಸಮಾಧಾನ ಬೇಡ.

ಕಂಪನಿಗೆ ಬೆಲೆ ಕಟ್ಟುವಾಗ ಆ ಷೇರು ಸಂಬಳವನ್ನು ನೀವು ಖರ್ಚು ಅಂತ ಕಳೀತೀರಾ, ಇಲ್ವಾ? ಯಾಕೆ?