ಏಳನೇ ತಿಂಗಳು: ಬೇಸಿಗೆಯಲ್ಲಿ ರಾಯಚೂರಿಗೆ ಹೋಗಲೋ, ಬೆಂಗಳೂರಲ್ಲೇ ಇರಲೋ?

ಚೊಚ್ಚಲ_ಬಸುರಿ:
ಎಲ್ಲರಿಗೂ ನಮಸ್ಕಾರ. ನನಗೆ ಈಗ ಏಳು ತಿಂಗಳು. ಕುಬಸ ಮಾಡಿ ಹೆರಿಗೆಗೆ ಕರೆದುಕೊಂಡು ಹೋಗುತ್ತೇವೆ ಅಂತ ಅಮ್ಮ ಹಠ ಹಿಡಿದಿದ್ದಾರೆ. ತವರು ರಾಯಚೂರು ಪಕ್ಕದ ಹಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ, ಅದಕ್ಕೇ ನಮ್ಮವರು ಬೇಡ ಅನ್ನುತ್ತಾರೆ. ಆದರೆ ಇಲ್ಲಿ ನಮ್ಮ ಮನೆ ಸಿಲ್ಕ್ ಬೋರ್ಡ್ ಹತ್ತಿರ, ಮುಖ್ಯರಸ್ತೆಗೇ ಕಿಟಕಿ, ಬೆಳಗ್ಗೆ ಒರೆಸಿದರೆ ಸಂಜೆಗೆ ಕಪ್ಪು ಧೂಳು ಕೂತಿರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಬಿಸಿಲು ಕೆಟ್ಟದ್ದೋ, ಹೊಗೆ ಕೆಟ್ಟದ್ದೋ? ಅತ್ತೆ ಕೇಳಿದರೆ "ನಾವು ಹೊಲದಲ್ಲಿ ದುಡಿದುಕೊಂಡೇ ಹೆರಲಿಲ್ವಾ" ಅನ್ನುತ್ತಾರೆ.

ಕಲಬುರಗಿ_ಅಕ್ಕ:
ತಂಗಿ, ನನ್ನ ಎರಡನೇ ಹೆರಿಗೆ ಕಲಬುರಗಿಯಲ್ಲಿ, ಮೇ ತಿಂಗಳಲ್ಲೇ ಆಗಿದ್ದು. ಮಧ್ಯಾಹ್ನದ ಬಿಸಿಲನ್ನು ಹೇಗೋ ತಪ್ಪಿಸಿಕೊಳ್ಳಬಹುದು, ರಾತ್ರಿ ಕಷ್ಟ. ಆರ್‌ಸಿಸಿ ಮನೆಯಾದರೆ ಹಗಲೆಲ್ಲ ಕಾದ ಚಾವಣಿ ರಾತ್ರಿ ಹನ್ನೆರಡಾದರೂ ಆರುವುದಿಲ್ಲ, ನಿದ್ದೆಯೇ ಬರುವುದಿಲ್ಲ. ತಗಡಿನ ಮನೆಯಂತೂ ಬೇಡವೇ ಬೇಡ. ಹಳೇ ಮಣ್ಣಿನ ಮಾಳಿಗೆ ಇದ್ದರೆ ಅಲ್ಲಿ ಮಲಗು. ನಮ್ಮ ಕಡೆ ಒಣ ಸೆಕೆ, ಹಾಗಾಗಿ ನೀರು ಹಾಕುವ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕರೆಂಟ್ ಹೋದರೆ ಏನು ಅಂತ ಮೊದಲೇ ಯೋಚಿಸು. ಇಲ್ಲಿ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ 1.30ರವರೆಗೆ ಮಾತ್ರ ಇರುತ್ತವೆ. ದೊಡ್ಡವರಿಗೇ ಆಗದ ಬಿಸಿಲು ಬಸುರಿಗೆ ಹೇಗೆ ಆಗುತ್ತದೆ?

ಗಾಳಿ_ನೀರು:
ಅತ್ತೆಯವರ ಮಾತಿಗೆ ಉತ್ತರ ಇದೆ. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯವರು ತಮಿಳುನಾಡಿನ 800 ಗರ್ಭಿಣಿಯರ ಬಗ್ಗೆ ಅಧ್ಯಯನ ಮಾಡಿದ್ದರು, 2024ರಲ್ಲಿ ಪ್ರಕಟವಾಯಿತು. ಹೊಲ, ಇಟ್ಟಿಗೆ ಭಟ್ಟಿ, ಉಪ್ಪಿನ ಗದ್ದೆ ಅಂತ ಬಿಸಿಯಲ್ಲಿ ದುಡಿಯುವವರಲ್ಲಿ ಗರ್ಭಪಾತದ ಅಪಾಯ ಸುಮಾರು ಎರಡು ಪಟ್ಟು ಇತ್ತು. ಹಿಂದೆಯೂ ಹೀಗೆ ಎಷ್ಟೋ ಕೂಸುಗಳು ಹೋಗಿವೆ. ಅದನ್ನು ಬಿಸಿಲಿನ ಲೆಕ್ಕಕ್ಕೆ ಯಾರೂ ಹಾಕಲಿಲ್ಲ, ಹಣೆಬರಹ ಅಂದುಕೊಂಡರು. ನನಗೆ ಇದನ್ನು ನೆನೆದರೆ ಸಂಕಟವಾಗುತ್ತದೆ.

ಮೈ ಕಾದಾಗ ದೇಹ ತಂಪಾಗಲು ರಕ್ತವನ್ನು ಚರ್ಮದ ಕಡೆ ಕಳಿಸುತ್ತದೆ, ಆಗ ಮಾಸಿನ (ಪ್ಲಾಸೆಂಟಾ) ಕಡೆ ಹೋಗುವ ರಕ್ತ ಕಮ್ಮಿಯಾಗಬಹುದು. ಬೆವರಿ ಮೈಯಲ್ಲಿ ನೀರು ಕಮ್ಮಿಯಾದರೆ ದಿನ ತುಂಬುವ ಮೊದಲೇ ನೋವು ಶುರುವಾಗಬಹುದು. ಹೊಗೆಯ ದಾರಿ ಬೇರೆ. ಪಿಎಂ 2.5 ಅನ್ನುವ ಸಣ್ಣ ಕಣಗಳು ಶ್ವಾಸಕೋಶ ದಾಟಿ ರಕ್ತಕ್ಕೆ ಸೇರುತ್ತವೆ. 2019ರಲ್ಲಿ ಬೆಲ್ಜಿಯಂನವರು ಮಾಸಿನಲ್ಲಿ, ಅದೂ ಮಗುವಿನ ಕಡೆಯ ಭಾಗದಲ್ಲಿ, ಮಸಿಯ ಕಣ ತೋರಿಸಿದರು. ಮಗುವಿನ ತೂಕ ಕಮ್ಮಿ, ಅವಧಿಗೆ ಮುಂಚೆ ಹೆರಿಗೆ, ಎರಡಕ್ಕೂ ಇದು ಕಾರಣವಾಗುತ್ತದೆ. ವರ್ಷದ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ ಈ ಕಣಗಳಿಗೆ ಹಾಕಿದ ಮಿತಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ್ದು 40. ಹಾಗಾಗಿ ಗಾಳಿಯ ಗುಣಮಟ್ಟ ತೋರಿಸುವ ಆಪ್‌ನಲ್ಲಿ "ಪರವಾಗಿಲ್ಲ" ಅಂತ ಹಸಿರು ತೋರಿಸಿದರೆ ನಂಬಿಬಿಡಬೇಡಿ.

ನನ್ನ ಕೇಳಿದರೆ ಅಮ್ಮನನ್ನೇ ಬೆಂಗಳೂರಿಗೆ ಕರೆಸಿಕೊಳ್ಳಿ. ರಸ್ತೆ ಕಡೆಯ ಕೋಣೆ ಬಿಟ್ಟು ಹಿಂದಿನ ಕೋಣೆಯಲ್ಲಿ ಮಲಗಿ, ಟ್ರಾಫಿಕ್ ಜಾಸ್ತಿ ಇರುವ ಹೊತ್ತಲ್ಲಿ ಆ ಕಿಟಕಿ ಮುಚ್ಚಿ.

ಕಲಬುರಗಿ_ಅಕ್ಕ:
ಬಾಣಂತನ ಯಾರು ಮಾಡುತ್ತಾರೆ ಸರ್? ಹೊಲ, ದನ ಬಿಟ್ಟು ತಿಂಗಳುಗಟ್ಟಲೆ ಬರುವುದು ಸುಲಭವಲ್ಲ.

ಸ್ಟಾಫ್_ನರ್ಸ್:
ನಾನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದ್ದೇನೆ. ಹೋಗುವುದೇ ಆದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಬಿಪಿ, ಶುಗರ್ ಇದ್ದರೆ ಅವರ ಮಾತೇ ಕೊನೆ. ರಾತ್ರಿ ರೈಲಿನ ಎ.ಸಿ. ಬೋಗಿಯಲ್ಲಿ, ಕೆಳಗಿನ ಬರ್ತ್‌ನಲ್ಲಿ ಹೋಗಿ. ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್ ಎಲ್ಲಾ ಜೊತೆಗಿರಲಿ. ಅಲ್ಲಿ ಹೋದ ಮೇಲೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ.

ಇನ್ನೊಂದು ಮಾತು, ಹಳ್ಳಿಯಲ್ಲಿ ಹೊಗೆ ಇಲ್ಲ ಅಂದುಕೊಳ್ಳಬೇಡಿ. ಗ್ಯಾಸ್ ಇದ್ದರೂ ಸ್ನಾನದ ನೀರಿಗೆ ಹತ್ತಿಕಟ್ಟಿಗೆ ಉರಿಸುತ್ತಾರೆ ಅಲ್ವಾ, ಆ ಒಲೆ ಮುಂದೆ ನೀವು ಕೂರಬೇಡಿ.

ಮಗುವಿನ ಓಡಾಟ ಕಮ್ಮಿಯಾದರೆ, ಗರ್ಭದ ನೀರು ಹೋದರೆ, ರಕ್ತ ಕಂಡರೆ, ಬಿಟ್ಟು ಬಿಟ್ಟು ಹೊಟ್ಟೆ ಬಿಗಿಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಜ್ವರ ಬಂದರೆ "ಸೆಕೆಗೆ ಹಾಗಾಗಿದೆ" ಅಂತ ಸುಮ್ನೆ ಮಲಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಚೊಚ್ಚಲ_ಬಸುರಿ:
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಮನೆಯಲ್ಲಿ ಕೂಲರ್ ಇಲ್ಲ, ಫ್ಯಾನ್ ಮಾತ್ರ. ಸಾಕಾ?

ಸ್ಟಾಫ್_ನರ್ಸ್:
ಸಾಲದಮ್ಮಾ. ಕೋಣೆಯೊಳಗೆ 40 ಡಿಗ್ರಿ ದಾಟಿದರೆ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಬಡಿಯುತ್ತದೆ. ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುತ್ತಿರಿ, ಬಾಯಾರುವವರೆಗೆ ಕಾಯದೆ ನೀರು, ಮಜ್ಜಿಗೆ ಕುಡಿಯಿರಿ. ಕುಬಸಕ್ಕೆ ಸೀರೆ ಬದಲು ಒಂದು ಕೂಲರ್ ಕೊಡಿಸಿ ಅಂತ ಅಮ್ಮನಿಗೆ ಈಗಲೇ ಹೇಳಿ. ಅದು ಬಂದ ಮೇಲೇ ಹೊರಡಿ.